ಹದಿನಾಲ್ಕನೇ ನಂಬರಿನ ಅಂಗಿ

ಹದಿನಾಲ್ಕನೇ ಚೀಟಿಯನ್ನು ಬಿಡಿಸಿದರೆ ಅದರಲ್ಲಿ ವೇಣಿ ಎಂದು ಬರೆದಿತ್ತು. ಅಕ್ಷರ ನರೇಶನದೇ. ಮಡಿಸಿ, ಮತ್ತೆ ಬಿಡಿಸಿ ನೋಡಿದೆ. ಎಷ್ಟು ಸಲ ನೋಡಿದರೂ ಅದು ಮಂಜುಶ್ರೀ ಎಂದು ಆಗಲಿಲ್ಲ.

ಮಂಜುಶ್ರೀ ಅಂದರೆ ನಾನು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಸ್ಯಾಂಪಲ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ಆ ಫೆಬ್ರವರಿಯಲ್ಲಿ ನಮಗೊಂದು ವಿಚಿತ್ರ ಆರ್ಡರ್ ಬಂದಿತ್ತು. ಒಂದು ಹಳೆಯ ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದರು. ನೂರು ವರ್ಷದ ಹಿಂದಿನ ಮಹಾಯುದ್ಧದಲ್ಲಿ ಸೈನ್ಯದ ಸಾಮಾನು ಹೊರುವ ಹೇಸರಗತ್ತೆ ಹೊಡೆಯಲು ನಮ್ಮ ಕಡೆಯಿಂದ ಮರಳುಗಾಡಿಗೆ ಹೋದ ಇಪ್ಪತ್ತು ಹುಡುಗರ ಕಥೆ. ಅವರಿಗೆ ಇಪ್ಪತ್ತು ಖಾಕಿ ಅಂಗಿ ಹೊಲಿಯಬೇಕು, ಹೊಲಿದ ಮೇಲೆ ಕಲ್ಲಿಗೆ ಉಜ್ಜಿ ಹಳೆಯದು ಮಾಡಬೇಕು. ಹೊಸ ಬಟ್ಟೆಯಲ್ಲಿ ಒಂದು ಚುಕ್ಕೆ ಕಲೆ ಕಂಡರೂ ವಾಪಸ್ ಕಳಿಸುವ ನಮಗೆ ಇದೊಂದು ಶಿಕ್ಷೆಯೇ.

ಆ ಕಾದಂಬರಿಯ ಹುಡುಗರು ಜೇಬಿನ ಮುಚ್ಚಳದ ಒಳಮೈಯಲ್ಲಿ ಊರಿನಲ್ಲಿ ಬಿಟ್ಟುಬಂದವಳ ಹೆಸರನ್ನು ಹೊಲಿದುಕೊಳ್ಳುತ್ತಾರಂತೆ. ಹಾಗಾಗಿ ಡೈರೆಕ್ಟರ್ ಒಂದು ಏರ್ಪಾಟು ಮಾಡಿದ್ದರು. ಪಾತ್ರ ಮಾಡುವ ಇಪ್ಪತ್ತೂ ಹುಡುಗರು ತಮ್ಮ ನಿಜವಾದ ಪ್ರೀತಿಯ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಅದನ್ನು ಹೊಲಿಯುವವರು ಬಿಟ್ಟರೆ ಬೇರೆ ಯಾರೂ ನೋಡುವ ಹಾಗಿಲ್ಲ. ಹೊಲಿಯುವವಳು ನಾನು. ಹದಿನಾಲ್ಕನೇ ನಂಬರಿನ ಹುಡುಗ ನರೇಶ.

ಬೇರೆ ಚೀಟಿಗಳನ್ನು ನೋಡಿ ಆಗಲೇ ನಕ್ಕು ಮುಗಿಸಿದ್ದೆ. ಮರಿಯಮ್ಮ, ಅನುಸೂಯಮ್ಮ, ಮಹಾಲಕ್ಷ್ಮಿ. ಇಪ್ಪತ್ತೆರಡು ವರ್ಷದ ಈ ಹುಡುಗರಿಗೆ ಇಂಥ ಹಳೇ ಕಾಲದ ಹೆಸರಿನ ಹುಡುಗಿಯರು ಎಲ್ಲಿ ಸಿಕ್ಕಿದರೋ ಎಂದು ಪಕ್ಕದ ಮಷೀನಿನ ಧನಲಕ್ಷ್ಮಿಗೂ ಹೇಳಿದ್ದೆ. ಹದಿನಾಲ್ಕನೆಯದು ಬಿಡಿಸಿದ ಮೇಲೆ ನಗು ನಿಂತುಹೋಯಿತು.

ಯಾಕೆಂದರೆ ಆ ಭಾನುವಾರ ನಾನು ಅಮ್ಮನಿಗೆ ನರೇಶನ ಹೆಸರು ಹೇಳುವವಳಿದ್ದೆ. ಅಪ್ಪ ಯುಗಾದಿಯ ಗಡುವು ಕೊಟ್ಟಿದ್ದರು, ಆಮೇಲೆ ಆನೇಕಲ್ ಕಡೆಯ ಒಂದು ಸಂಬಂಧ ನೋಡುವುದು ಎಂದು. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಮೆಲ್ಲಗೆ, ಯಾರಾದರೂ ಇದ್ದರೆ ಈಗಲೇ ಹೇಳಿಬಿಡು ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ನರೇಶ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೆ ಎರಡು ವರ್ಷದಿಂದ ನನ್ನ ಮಷೀನ್ ವಾರಕ್ಕೆ ಮೂರು ಸಲ ಕೆಡುತ್ತಿತ್ತು.

ನರೇಶ ನಮ್ಮ ಕಾರ್ಖಾನೆಯ ಮೆಕ್ಯಾನಿಕ್. ಹೊಲಿಗೆ ಮಷೀನಿನಲ್ಲಿ ದಾರ ಬಿಗಿ ಮಾಡುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಅರ್ಧ ಸುತ್ತು ಸಡಿಲಿಸಿದರೆ ಹೊಲಿಗೆ ಗಂಟು ಗಂಟಾಗುತ್ತದೆ, ಮೆಕ್ಯಾನಿಕ್ ಬರಲೇಬೇಕು. ಬರುತ್ತಿದ್ದ. ನೀಲಿ ಶರ್ಟಿನ ತೋಳು ಮಡಿಸಿ, ಬಗ್ಗಿ, ಕಾಲು ನಿಮಿಷದ ಕೆಲಸವನ್ನು ಹತ್ತು ನಿಮಿಷ ಮಾಡುತ್ತಿದ್ದ.

“ಇದು ತಾನಾಗೇ ಲೂಸ್ ಆಗಲ್ಲ ಮೇಡಂ. ಯಾರೋ ಮಾಡ್ತಿದಾರೆ.”

“ದೆವ್ವ ಇರ್ಬೇಕು.”

“ಪಾಪದ ದೆವ್ವ. ವಾರಕ್ಕೆ ಮೂರು ದಿನ ತಪ್ಪದೆ ಡ್ಯೂಟಿ ಮಾಡುತ್ತೆ.”

ಹೇಳುವಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ಸೂಜಿಯನ್ನು ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಆ ಕಿವಿಯನ್ನು ನಂಬಿಕೊಂಡು ನಾನು ಎರಡು ವರ್ಷ ಕಳೆದಿದ್ದೆ.

ಸಿನಿಮಾದವರು ಹರಿದ ಬಟ್ಟೆ ರಿಪೇರಿಗೆಂದು ವರ್ತೂರಿನ ಸೆಟ್ಟಿನಲ್ಲಿ ನಮ್ಮದೊಂದು ಮಷೀನ್ ಇಟ್ಟುಕೊಂಡಿದ್ದರು. ಅದು ಕೆಟ್ಟಾಗ ನರೇಶ ಹೋದ. ಅವನ ಉದ್ದ ಕತ್ತನ್ನೂ ನಿದ್ದೆಗೆಟ್ಟಂತಿರುವ ಕಣ್ಣನ್ನೂ ನೋಡಿ ಡೈರೆಕ್ಟರ್ ಅಲ್ಲೇ ಹಿಡಿದುಕೊಂಡರು. ಹದಿನಾಲ್ಕನೇ ನಂಬರಿನ ಸಿಪಾಯಿಯ ಪಾತ್ರಕ್ಕೆ ಬರಬೇಕಾಗಿದ್ದ ಹುಡುಗ ಕೈಕೊಟ್ಟಿದ್ದನಂತೆ. ಇವನಿಗೋ ಚಿಕ್ಕಂದಿನಿಂದ ಸಿನಿಮಾ ಅಂದರೆ ಪ್ರಾಣ. ಒಂದು ತಿಂಗಳು ರಜೆ ಬರೆದುಕೊಟ್ಟು ಯುದ್ಧಕ್ಕೆ ಹೊರಟೇಬಿಟ್ಟ.

ಹೋಗಲಿ, ಅವನಿಗೆ ಖುಷಿಯಾದರೆ ನನಗೂ ಖುಷಿಯೇ. ಆದರೆ ಆ ಸೆಟ್ಟಿನಲ್ಲಿ ವೇಣಿ ಇದ್ದಳು. ಅಸಿಸ್ಟೆಂಟ್ ಡೈರೆಕ್ಟರ್. ಕತ್ತರಿಸಿದ ಕೂದಲು, ಸೊಂಟದಲ್ಲಿ ವಾಕಿಟಾಕಿ, ಯಾರ ಹೆಗಲ ಮೇಲಾದರೂ ಸಲೀಸಾಗಿ ಕೈ ಹಾಕಿ ಮಾತಾಡುವ ಹುಡುಗಿ. ಅವಳು ಇವನಿಗೆ ಆ ಕಾದಂಬರಿ ಕೊಟ್ಟಳು. ಬಸ್ಸಿನ ಬೋರ್ಡು ಬಿಟ್ಟು ಬೇರೇನನ್ನೂ ಓದದ ನರೇಶ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡತೊಡಗಿದ. ಒಮ್ಮೆ ರಜೆಯ ಅರ್ಜಿಗೆ ಸಹಿ ಹಾಕಲು ಬಂದವನು ನನ್ನ ಜೊತೆ ಒಂದು ಟೀ ಕುಡಿದ. ಆ ಒಂದು ಟೀ ಮುಗಿಯುವುದರೊಳಗೆ ವೇಣಿ ಮೇಡಂ ಹೇಳಿದ್ರು ಎಂದು ಏಳು ಸಲ ಹೇಳಿದ. ನಾನು ಎಣಿಸಿದೆ.

ಅಂಗಿಯ ಅಳತೆ ನೋಡುವ ದಿನ ಅವಳೇ ಹುಡುಗರನ್ನೆಲ್ಲ ಕರೆದುಕೊಂಡು ಕಾರ್ಖಾನೆಗೆ ಬಂದಳು. ನನಗೆ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ತಂದಿದ್ದಳು. ಮಂಜುಶ್ರೀ ಅವರೇ ಎಂದು ಮರ್ಯಾದೆಯಿಂದ ಮಾತಾಡಿಸಿದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಾನು ನರೇಶನ ಎದೆಗೆ ಟೇಪು ಸುತ್ತುತ್ತಿದ್ದಾಗ ಅವಳು ಬಂದು ಅವನ ಕಾಲರ್ ಎಳೆದು ಸರಿಮಾಡಿ, ಹದಿನಾಲ್ಕು, ಸಾಯೋಕೆ ರೆಡಿನಾ ಎಂದು ಕೆನ್ನೆ ತಟ್ಟಿ ಹೋದಳು. ನನ್ನ ಕೈಯಲ್ಲಿದ್ದ ಟೇಪು ಬಿಗಿಯಾಯಿತು.

“ಉಸಿರು ಬಿಡ್ಬಹುದಾ ಮೇಡಂ?” ಎಂದ ನರೇಶ.

“ವೇಣಿ ಮೇಡಂನ ಕೇಳು.”

ಅವನು ಮೊದಲು ಗಾಬರಿಯಾದ, ಆಮೇಲೆ ತುಟಿ ಕಚ್ಚಿ ನಗು ತಡೆದುಕೊಂಡ. ಅವನ ಎದೆ ನನ್ನ ಬೆರಳಿನ ಕೆಳಗೆ ಡವಡವ ಎನ್ನುತ್ತಿತ್ತು. ಅದು ನನಗಾಗಿಯೋ ಅವಳ ಕೈ ತಾಗಿದ್ದಕ್ಕೋ ನನಗೆ ಗೊತ್ತಾಗಲಿಲ್ಲ. ಮೂವತ್ತಾರು ಎಂದು ಬರೆದುಕೊಂಡು ಮುಂದಿನ ಹುಡುಗನನ್ನು ಕರೆದೆ.

ಅದಾಗಿ ಮೂರನೇ ದಿನಕ್ಕೆ ಚೀಟಿಗಳು ಬಂದವು. ಭಾನುವಾರ ಅಮ್ಮ ಕೇಳಿದಾಗ ಯಾರೂ ಇಲ್ಲ ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದಳು.

ಅವನ ತಲೆ ಕೆಡಿಸಿದ ಆ ಪುಸ್ತಕದಲ್ಲಿ ಏನಿದೆ ಎಂದು ನೋಡೋಣ ಎನ್ನಿಸಿ ನಾನೂ ಒಂದು ಪ್ರತಿ ತರಿಸಿದೆ. ಬೈಯಲೆಂದೇ ಓದಲು ಕೂತವಳು ಎರಡು ದಿನ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಅದನ್ನು ಕೆಳಗಿಡಲಿಲ್ಲ. ಆ ಹುಡುಗರು ಬ್ಯಾಂಡಿನ ಸದ್ದು ಕೇಳಿ, ಒಂದು ಜೊತೆ ಬೂಟಿನ ಆಸೆಗೆ ಹೆಬ್ಬೆಟ್ಟು ಒತ್ತಿದವರು. ಗೆದ್ದು ಬಂದರೆ ಊರೇ ಎದುರುಗೊಳ್ಳುತ್ತದೆ ಎಂದು ನಂಬಿದ್ದವರು. ಅಲ್ಲಿ ಹೋದ ಮೇಲೆ ನೋಡಿದರೆ ಬೆಳಗಿನ ಹಾಜರಿಯಲ್ಲಿ ಮೊದಲು ಹೇಸರಗತ್ತೆಗಳನ್ನು ಎಣಿಸುತ್ತಾರೆ, ಆಮೇಲೆ ಇವರನ್ನು. ಹೇಸರಗತ್ತೆ ಸತ್ತರೆ ಮೇಲಿನವರಿಗೆ ತಂತಿ ಹೋಗುತ್ತದೆ. ಹುಡುಗ ಸತ್ತರೆ ಪಟ್ಟಿಯಲ್ಲಿ ಒಂದು ಗೀಟು. ನಾವು ಇಲ್ಲಿಗೆ ಯಾಕೆ ಬಂದೆವು ಎಂದು ಒಬ್ಬ ಕೇಳಿದರೆ ಸಾಹೇಬನಿಗೂ ಗೊತ್ತಿರುವುದಿಲ್ಲ. ಅಲ್ಲಿಂದಾಚೆ ಅವರಿಗೆ ಗೆಲುವಿನ ಮಾತೇ ಹೇಸಿಗೆ. ತಮ್ಮನ್ನು ಹೆಸರು ಹಿಡಿದು ಕರೆಯುವ ಒಬ್ಬಳಾದರೂ ಇದ್ದಾಳೆ ಎಂದು ನೆನಪಿಟ್ಟುಕೊಳ್ಳಲು ಜೇಬಿನಲ್ಲಿ ಹೊಲಿದುಕೊಳ್ಳುತ್ತಾರೆ. ನಾನೂ ಕಾರ್ಖಾನೆಯ ಗೇಟಿನಲ್ಲಿ ಬರೀ ಟೋಕನ್ ನಂಬರ್. ಆ ಪುಟದ ಮೂಲೆಯನ್ನು ಮಡಿಸಿಟ್ಟೆ.

ಹದಿನಾಲ್ಕನೇ ಹುಡುಗ ಕೊನೆಗೆ ಗುಂಡು ತಿಂದು ಕಂದಕದಲ್ಲಿ ಬಿದ್ದಿರುವಾಗ ಜೇಬಿನ ಮುಚ್ಚಳ ಎತ್ತಿ ಆ ಹೆಸರು ನೋಡುತ್ತಲೇ ಸಾಯುತ್ತಾನೆ. ಅಂದರೆ ನರೇಶ ದೊಡ್ಡ ಪರದೆಯ ಮೇಲೆ, ಊರೆಲ್ಲ ನೋಡುವಂತೆ, ವೇಣಿ ಎಂಬ ಹೆಸರು ನೋಡುತ್ತ ಸಾಯಬೇಕು. ಪುಸ್ತಕ ಮುಚ್ಚಿದೆ. ಹೊಟ್ಟೆ ಉರಿಯತೊಡಗಿತು.

ಬಾಕಿ ಹತ್ತೊಂಬತ್ತನ್ನೂ ಬರೆದ ಹಾಗೇ ಹೊಲಿದೆ. ಹದಿನಾಲ್ಕನೆಯದನ್ನು ಕೊನೆಗೆ ಇಟ್ಟುಕೊಂಡೆ. ಕೆಂಪು ದಾರದಲ್ಲಿ ವೇ ಎಂದು ಒಂದು ಅಕ್ಷರ ಹಾಕಿದೆ, ಬಿಚ್ಚಿದೆ. ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಮೂರನೇ ಸಲ ಕೈ ತಾನೇ ಮಂ ಎಂದು ಶುರುಮಾಡಿತು. ನಾನು ತಡೆಯಲಿಲ್ಲ. ಎರಡು ವರ್ಷದಲ್ಲಿ ಅಷ್ಟು ಚೆಂದದ ಹೊಲಿಗೆಯನ್ನು ನಾನು ವಿದೇಶಕ್ಕೆ ಹೋಗುವ ಯಾವ ಅಂಗಿಗೂ ಹಾಕಿರಲಿಲ್ಲ. ನೋಡಲಿ, ಸಾಯುವಾಗಲಾದರೂ ನನ್ನ ಹೆಸರು ನೋಡಲಿ ಎಂದುಕೊಂಡೆ. ಮುಚ್ಚಳ ಮೊದಲೇ ತೆರೆದು ನೋಡದ ಹಾಗೆ ಎರಡು ಕಚ್ಚಾ ಹೊಲಿಗೆ ಹಾಕಬೇಕೆಂದು ಡೈರೆಕ್ಟರ್ ಹೇಳಿದ್ದರು. ಅದನ್ನೂ ಹಾಕಿ ಕಳಿಸಿದೆ.

ಹದಿನಾಲ್ಕು ಸಾಯುವ ದಿನ ಬಟ್ಟೆ ನೋಡಿಕೊಳ್ಳುವ ನೆಪದಲ್ಲಿ ನಾನೂ ವರ್ತೂರಿಗೆ ಹೋದೆ. ಕೆರೆಯ ಪಕ್ಕದ ಹೊಲದಲ್ಲಿ ಕಂದಕ ತೋಡಿ, ಕೆಮ್ಮಣ್ಣು ಕಾಣದಂತೆ ಹತ್ತು ಲಾರಿ ಎಂ ಸ್ಯಾಂಡ್ ಸುರಿದಿದ್ದರು. ಅದೇ ಮರಳುಗಾಡು. ಹಿಂದೆ ಕಾಣುವ ಅಪಾರ್ಟ್‌ಮೆಂಟುಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರಂತೆ. ಹೊಲದ ಯಜಮಾನ ಲಕ್ಷ್ಮಣಪ್ಪ ಛತ್ರಿ ಹಿಡಿದು ಕುರ್ಚಿಯ ಮೇಲೆ ಕೂತು ಯುದ್ಧ ನೋಡುತ್ತಿದ್ದರು.

ನರೇಶನ ಅಂಗಿಯ ಎದೆಗೆ ಸಕ್ಕರೆ ಪಾಕದ ರಕ್ತ ಬಳಿದಿದ್ದರು. ವೇಣಿ ಅವನ ಹಣೆಗೆ ಮಣ್ಣು ಹಚ್ಚಿ ಕಂದಕದೊಳಗೆ ಮಲಗಿಸಿದಳು. ಆ ಬೆರಳುಗಳನ್ನು ನೋಡುತ್ತ ನಾನು ನೆರಳಿನಲ್ಲಿ ನಿಂತಿದ್ದೆ. ಇನ್ನೊಂದು ನಿಮಿಷ ಅಷ್ಟೇ, ಆಮೇಲೆ ನಿನಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಕ್ಯಾಮೆರಾ ಓಡಿತು. ನರೇಶ ಜೇಬಿನ ಹೊಲಿಗೆ ಕಿತ್ತು ಮುಚ್ಚಳ ಎತ್ತಿದ. ಓದಿದ. ಮರುಕ್ಷಣ ಸಾಯಬೇಕಾದವನು ಎದ್ದು ಕೂತ. ಮೈಮೇಲೆ ಹಾವು ಬಿದ್ದವನ ಹಾಗೆ ಅಂಗಿಯನ್ನು ಕಳಚಿದ, ಬನಿಯನ್ನಿನಲ್ಲೇ ಕಂದಕ ಹತ್ತಿ ಬಂದ. ಇದನ್ನು ನಾನು ಹಾಕಿಕೊಳ್ಳಲಾರೆ ಎಂದು ಡೈರೆಕ್ಟರಿಗೆ ಹೇಳಿದ್ದು ನನಗೂ ಕೇಳಿಸಿತು. ಅವರು ಮೊದಲು ಸಮಾಧಾನ ಮಾಡಿದರು, ಆಮೇಲೆ ರೇಗಿದರು. ಬಿಸಿಲು ಇಳಿಯುತ್ತಿದೆ, ಅರವತ್ತು ಜನ ಕಾಯುತ್ತಿದ್ದಾರೆ, ಹಾಕಿಕೊಳ್ಳದಿದ್ದರೆ ಪಾತ್ರ ಬಿಟ್ಟು ಹೋಗು ಎಂದರು. ಹಾಗಾದರೆ ಹೋಗ್ತೀನಿ ಸಾರ್ ಎಂದ ನರೇಶ.

ಸಿನಿಮಾ ಅಂದರೆ ಪ್ರಾಣ ಬಿಡುವವನು ಅದನ್ನೇ ಬಿಟ್ಟ. ಸುಳ್ಳು ಸಾವಿಗೂ ನನ್ನ ಹೆಸರು ಅವನಿಗೆ ಬೇಡವಾಯಿತು. ಅವಮಾನಕ್ಕೆ ನನ್ನ ಕಿವಿಯೆಲ್ಲ ಬಿಸಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಸದ್ದಿಲ್ಲದೆ ಬಸ್ಸು ಹತ್ತುತ್ತಿದ್ದರೇನೋ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಿದ್ದಿದ್ದ ಅಂಗಿ ಎತ್ತಿಕೊಂಡು, ಟೆಂಪೋ ಹಿಂದೆ ಒಬ್ಬನೇ ನಿಂತಿದ್ದವನ ಎದುರಿಗೆ ಹೋಗಿ ಹಿಡಿದೆ.

“ನನ್ನ ಹೆಸರು ಅಷ್ಟು ಚುಚ್ತಾ ನಿಂಗೆ?”

ಅವನ ಮುಖ ಬಿಳಿಚಿಕೊಂಡಿತ್ತು. “ಯಾಕೆ ಹಾಕ್ದೆ ಇದನ್ನ? ನಾನು ಬರೆದಿದ್ದು ಇದಲ್ವಲ್ಲ.”

“ಗೊತ್ತು ಕಣೋ ಏನು ಬರೆದಿದ್ದೆ ಅಂತ. ನಾನೇ ತಾನೇ ಚೀಟಿ ಬಿಡಿಸಿದ್ದು.”

“ಇದು ಸತ್ತೋನ ಅಂಗಿ ಮಂಜು.”

ಮೇಡಂ ಅನ್ನಲಿಲ್ಲ, ಮಂಜು ಅಂದ. ನನಗೆ ಬೈಗುಳ ಮರೆತುಹೋಯಿತು. ಅವನು ಹಾಗೇ ಹೇಳುತ್ತ ಹೋದ. ಅವನ ಅಪ್ಪ ತೀರಿಹೋದಾಗ ಇವನಿಗೆ ಒಂಬತ್ತು ವರ್ಷ. ಅಜ್ಜಿ ಮರೆವ್ವ ಮಗನ ಹೆಣದ ಮುಂದೆ ಅಳುವುದನ್ನು ನಿಲ್ಲಿಸಿ ಮೊದಲು ಅಂಗಿಯ ಜೇಬಿಗೆ ಕೈ ಹಾಕಿದಳಂತೆ. ಅದರಲ್ಲಿ ಇವನ ಸ್ಕೂಲಿನ ಫೋಟೋ ಇತ್ತು. ಅದನ್ನು ಎದೆಗೆ ಅವಚಿಕೊಂಡು ಬೀದಿಗೆ ಓಡಿದಳಂತೆ.

“ಸತ್ತೋರ ಜೇಬಲ್ಲಿ ಬದುಕಿರೋರ್ದು ಏನೂ ಇರ್ಬಾರ್ದು, ಜೊತೇಲಿ ಕರ್ಕೊಂಡು ಹೋಗ್ತಾರೆ ಅಂತಾಳೆ ನಮ್ಮಜ್ಜಿ. ನೀನು ನಗ್ಬಹುದು. ಸಿನಿಮಾನೇ ಇರ್ಲಿ, ರಕ್ತ ಸಕ್ಕರೆ ನೀರೇ ಇರ್ಲಿ, ನಿನ್ನ ಹೆಸರು ಇಟ್ಕೊಂಡು ಸಾಯೋಕೆ ನಂಗೆ ಆಗಲ್ಲ.”

ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಇದೇ ಮಾತಿದೆ. ದೊಡ್ಡಪ್ಪ ಹೋದಾಗ ಅಮ್ಮನೇ ಅವರ ಜೇಬು ತಡಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೊಟ್ಟೆಕಿಚ್ಚಿನಲ್ಲಿ ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಡೈರೆಕ್ಟರ್ ನಿಜವಾದ ಹೆಸರು ಕೇಳಿದ್ದರು ನಿಜ, ಆದರೆ ಇಪ್ಪತ್ತು ಹುಡುಗರಲ್ಲಿ ಒಬ್ಬನೂ ನಿಜ ಬರೆದಿರಲಿಲ್ಲ ಎಂದು ನರೇಶನೇ ಹೇಳಿದ. ಮರಿಯಮ್ಮ ಎಂದರೆ ಮುತ್ತು ಎಂಬ ಹುಡುಗನ ತೀರಿಹೋದ ಅಜ್ಜಿ. ಉಳಿದವರೂ ಅಷ್ಟೇ, ಸತ್ತವರ ಹೆಸರು ಹುಡುಕಿ ಬರೆದಿದ್ದರು. ನಾನು ನಕ್ಕಿದ್ದು ಅವರೆಲ್ಲರ ಅಜ್ಜಿ ಮುತ್ತಜ್ಜಿಯರನ್ನು.

“ಸತ್ತೋರ ಹೆಸರೇ ಬರೀಬಹುದಿತ್ತಲ್ಲ. ಅವಳದ್ಯಾಕೆ?” ಅಷ್ಟಾದರೂ ನಾನು ಬಿಡಲಿಲ್ಲ.

ಉತ್ತರ ಹಿಂದಿನಿಂದ ಬಂತು. ವೇಣಿ ಯಾವಾಗ ಬಂದು ನಿಂತಿದ್ದಳೋ. ನರೇಶನ ಮನೆಯಲ್ಲಿ ಸತ್ತ ಹೆಂಗಸರೇ ಇಲ್ಲವಂತೆ, ಮುತ್ತಜ್ಜಿ ಕೂಡ ಬದುಕಿದ್ದಾಳಂತೆ. ಖಾಲಿ ಚೀಟಿ ಹಿಡಿದು ಒದ್ದಾಡುತ್ತಿದ್ದವನಿಗೆ, ನಾನು ಇದನ್ನೆಲ್ಲ ನಂಬುವುದಿಲ್ಲ, ನನ್ನ ಹೆಸರೇ ಬರೆದುಕೋ ಎಂದು ಅವಳೇ ಹೇಳಿದ್ದಳಂತೆ. ಹೇಳುತ್ತಲೇ ಅಂಗಿಯ ಮುಚ್ಚಳ ತಿರುಗಿಸಿ ಓದಿದಳು. ನನ್ನನ್ನು ನೋಡಿದಳು. ಅವಳ ಮುಖ ಅರಳಿತು.

“ಸ್ಕ್ರೂ ಲೂಸ್ ಮಾಡೋ ದೆವ್ವ ನೀವೇನಾ? ದಿನಾ ನಿಮ್ಮ ಮಷೀನಿನ ಕಥೆ ಕೇಳಿ ಕೇಳಿ ನಂಗೆ ಸಾಕಾಗಿದೆ ಕಣ್ರೀ.”

ನರೇಶನ ಕಿವಿ ಮಣ್ಣಿನ ಬಣ್ಣದ ಅಡಿಯಲ್ಲೂ ಕೆಂಪಾಯಿತು. ನಾನು ನೆಲ ನೋಡಿದೆ. ಡೈರೆಕ್ಟರನ್ನು ಹತ್ತು ನಿಮಿಷ ತಡೆಯುತ್ತೇನೆ, ಏನಾದರೂ ಮಾಡಿ ಎಂದು ಹೇಳಿ ವೇಣಿ ಓಡಿದಳು.

ನಾನು ಟೆಂಪೋದ ಹಿಂಬದಿಯಲ್ಲಿ ಕೂತು ಸೂಜಿ ಡಬ್ಬಿ ತೆಗೆದೆ. ಅಂಗಿ ಅಂಟಂಟಾಗಿತ್ತು, ಪಾಕಕ್ಕೆ ಆಗಲೇ ಇರುವೆ ಬಂದಿದ್ದವು. ನನ್ನ ಹೆಸರನ್ನು ಒಂದೊಂದೇ ಎಳೆ ಬಿಚ್ಚಿದೆ. ಅದು ಮುಗಿದ ಮೇಲೆ ಕೆಂಪು ದಾರ ಪೋಣಿಸಿ, ಅದೇ ಜಾಗದಲ್ಲಿ ನನ್ನ ಕೈಯಾರೆ ವೇಣಿ ಎಂದು ಹೊಲಿದೆ. ಈ ಸಲ ಬಿಚ್ಚಲಿಲ್ಲ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉರಿಯಿತು. ಆದರೂ ಅಕ್ಷರ ಸೊಟ್ಟ ಆಗದ ಹಾಗೆ ಹೊಲಿದೆ, ಯಾಕೆಂದರೆ ಅದು ಪರದೆಯ ಮೇಲೆ ಅವನ ಮುಖದ ಪಕ್ಕದಲ್ಲಿ ಕಾಣುವ ಹೆಸರು.

“ತಗೋ,” ಎಂದೆ. “ಹಾಕ್ಕೊ.”

ಅವನು ಅಂಗಿ ತೊಟ್ಟುಕೊಂಡು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆದರು.

ಎರಡನೇ ಸಲ ಕ್ಯಾಮೆರಾ ಓಡಿತು. ನರೇಶ ಮುಚ್ಚಳ ಎತ್ತಿ ನೋಡಿದ. ನೋಡುತ್ತಲೇ ಅವನ ಕಣ್ಣು ತುಂಬಿತು. ಯಾರೂ ಹೇಳಿಕೊಡಲಾರದಂಥ ಅಳು ಅದು. ಬಾಯಿ ಬಿಡದೆ, ಕೆಳತುಟಿ ನಡುಗಿಸಿ, ಆ ಬಟ್ಟೆಯ ಮೇಲೆ ಹೆಬ್ಬೆರಳು ಸವರುತ್ತ ಸತ್ತುಹೋದ. ಲಕ್ಷ್ಮಣಪ್ಪ ಛತ್ರಿ ಕೆಳಗಿಟ್ಟು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೊಬ್ಬಳು ಹೊಡೆಯಲಿಲ್ಲ.

ಅವನು ಮೇಲೆ ಹತ್ತಿ ಬಂದು ನನ್ನ ಎದುರು ನಿಂತ.

“ವೇಣಿ ಅಂತ ನೋಡಿ ಅಷ್ಟೊಂದು ಅಳೋದಾ?” ಎಂದೆ.

“ವೇಣಿ ಎಲ್ಲಿ ಕಾಣ್ತು? ನೀನು ಬಿಚ್ಚಿದ ಹೊಲಿಗೆ ತೂತು ಹಾಗೇ ಇದ್ವು. ನಿನ್ನ ಹೆಸರು ಪೂರ್ತಿ ಓದ್ಬಹುದಿತ್ತು.” ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. “ಭಯ ಆಯ್ತು ಮಂಜು. ಹೆಸರು ತೆಗೆದ್ರೂ ನಿಂಗೇನಾದ್ರೂ ಆಗ್ಬಿಟ್ರೆ ಅಂತ ನಿಜವಾಗ್ಲೂ ಭಯ ಆಯ್ತು. ನೀನಿಲ್ದೆ ನಂಗೆ ಆಗಲ್ಲ.”

ಅವನ ಕೈ ಹಿಡಿದುಕೊಂಡೆ. ಅರವತ್ತು ಜನ ನೋಡುತ್ತಿದ್ದರು, ನೋಡಲಿ ಎನ್ನಿಸಿತು. ಪಾಕದಲ್ಲಿ ನಮ್ಮಿಬ್ಬರ ಬೆರಳುಗಳು ಅಂಟಿಕೊಂಡವು.

ಅಷ್ಟರಲ್ಲಿ ಡೈರೆಕ್ಟರ್ ಮೈಕಿನಲ್ಲಿ, ಬಹಳ ಚೆನ್ನಾಗಿ ಬಂತು, ಬೆಳಕು ಹೋಗುವುದರೊಳಗೆ ಇನ್ನೊಂದೇ ಒಂದು ಸಲ ಎಂದರು. ನರೇಶ ಕದಲಲಿಲ್ಲ. ಕಂದಕವನ್ನು ನೋಡಿದ, ನನ್ನನ್ನು ನೋಡಿದ. ಸ್ಕೂಲಿಗೆ ಹೊರಡಲು ಒಲ್ಲದ ಮಕ್ಕಳ ಹಾಗೆ ನಿಂತಿದ್ದವನ ಕಾಲರನ್ನು ನಾನೇ ಎಳೆದು ಸರಿಮಾಡಿದೆ.

“ಹೋಗು,” ಎಂದೆ. “ಬೇಗ ಸತ್ತು ಬಾ. ಸಂಜೆ ನಮ್ಮಪ್ಪನ ಹತ್ರ ಮಾತಾಡೋದಿದೆ.”